ಕೆ ಅಲ್ಲ, ಚೆ

ತೊಟ್ಟು ಕಿತ್ತು ತೊಳೆಯಬೇಡ, ತೊಳೆದು ತೊಟ್ಟು ಕೀಳು—
ಇಂಕೊರೊನಾತಾಳ ಮೊದಲ ಪಾಠ.
ಟೋಪಿ ತೆಗೆದ ಹಣ್ಣು ನೀರು ಕುಡಿಯುತ್ತದೆ,
ಕುಡಿದದ್ದನ್ನು ಬಟ್ಟಲಲ್ಲಿ ಕಕ್ಕುತ್ತದೆ.
ರುಚಿ ಚರಂಡಿಗೆ, ಬೈಗುಳ ನನಗೆ.

ಪೊಲಿಕೋರೊ. ಮೇ ತಿಂಗಳ ಭಾನುವಾರ.
ಮುಂದಿನ ಹಾಲಿನಲ್ಲಿ ಯಾರದೋ ಮಗಳ
ಮೊದಲ ಪರಮಪ್ರಸಾದದ ಊಟ.
ಎಂಬತ್ತು ಜನ, ಎಂಬತ್ತು ಗಾಜಿನ ಬಟ್ಟಲು,
ಹನ್ನೆರಡು ಕಿಲೋ ಸ್ಟ್ರಾಬೆರಿ,
ಮತ್ತೆ ಹಿಂಬದಿಯ ಅಡುಗೆಮನೆಯಲ್ಲಿ
ನಾನು, ಲೆಂಚೆ.

ಪೆಟ್ಟಿಗೆ ತೆರೆದರೆ ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ.
ಭುಜದ ಬಳಿ ಬೆಳ್ಳಗಿದ್ದದ್ದು ಪಕ್ಕಕ್ಕೆ;
ಎಳಸು ಕಿತ್ತ ಹಣ್ಣು ಕೂತಲ್ಲೇ ಕೆಂಪಾದೀತು, ಸಿಹಿಯಾಗದು.
ಕೆನ್ನೆ ಮೆತ್ತಗಾದದ್ದು ಜಾಮಿಗೆ.
ಬೂದು ಕೂದಲು ಬಂದದ್ದು ಕಸಕ್ಕೆ,
ಅದರ ನೆರೆಯವರನ್ನೂ ಎರಡು ಸಲ ತಿರುಗಿಸಿ ನೋಡು.

ತಣ್ಣೀರಲ್ಲಿ ಅದ್ದಿ, ಎತ್ತಿ,
ಬಿಳಿ ಬಟ್ಟೆಯ ಮೇಲೆ ಹರವಿ ಆರಿಸುತ್ತೇನೆ.
ತೊಟ್ಟಿನ ಪಕ್ಕ ಚಾಕುವಿನ ತುದಿ ಇಳಿಸಿ
ಒಂದೇ ಸುತ್ತು.
ಹಸಿರು ನಕ್ಷತ್ರವೊಂದು ಬೆರಳಿಗೆ ಬರುತ್ತದೆ
ಬಿಳಿ ತಿರುಳಿನ ಮೊಳೆಯ ಸಮೇತ.

ಪ್ರಿಲೆಪಿನಲ್ಲಿ ನಾನು ತಂಬಾಕಿನೆಲೆ ಪೋಣಿಸಿದವಳು.
ಏಳು ವರ್ಷಕ್ಕೆ ಸೂಜಿ ಹಿಡಿದೆ.
ಎಲೆಯ ಅಂಟು ಕೈಗೆ ಕಪ್ಪು ಚರ್ಮ ಹೊಲಿಯುತ್ತಿತ್ತು;
ಬ್ರೆಡ್ಡು ಮುರಿದರೂ ಕಹಿ, ಕಣ್ಣುಜ್ಜಿದರೂ ಕಹಿ.
ಅಜ್ಜಿ ಹಸಿರು ಟೊಮೆಟೊ ಹೆಚ್ಚಿ
ನನ್ನ ಅಂಗೈ ಉಜ್ಜುತ್ತಿದ್ದಳು,
ಪಾತ್ರೆಯ ತಳ ಉಜ್ಜಿದ ಹಾಗೆ.
ಈ ಕೆಂಪಿಗೆ ಅಷ್ಟೆಲ್ಲ ಬೇಡ. ಅರ್ಧ ನಿಂಬೆ ಸಾಕು.

ಇಲ್ಲಿ ಹಣ್ಣಿನ ಸಲಾಡಿಗೆ ಮಚೆದೋನಿಯಾ ಎನ್ನುತ್ತಾರೆ.
ಬಂದ ಹೊಸತರಲ್ಲಿ ಮೆನುವಿನ ಕೊನೆಯ ಸಾಲಲ್ಲಿ
ನನ್ನ ದೇಶ ಕಂಡಿತು,
ಪಕ್ಕದಲ್ಲೇ ಬೆಲೆ: ನಾಲ್ಕು ಯೂರೋ.
ಯಾಕೆ ಈ ಹೆಸರು ಅಂದೆ.
ಬಡಿಸುವ ಕಾನಿಯೊ ಭುಜ ಕುಣಿಸಿದ:
“ಚೂರು ಚೂರು ಜನ, ಎಲ್ಲ ಬೆರಕೆ,
ಅದಕ್ಕೇ ಇರಬೇಕು.”
ನಮ್ಮಲ್ಲಿ ಅದು ಕೆ, ಚೆ ಅಲ್ಲ ಎಂದಷ್ಟೇ ಹೇಳಿದೆ.
ಜಗಳಕ್ಕೆ ಸಾಲುವಷ್ಟು ಇಟಾಲಿಯನ್ ಬರುತ್ತಿರಲಿಲ್ಲ ಆಗ.
ಈಗ ಬರುತ್ತದೆ.
ಈಗ ಜಗಳ ಬರುತ್ತಿಲ್ಲ.

ಸೇಬು ಮೊದಲು, ನಿಂಬೆ ಹಿಂಡಿ.
ಆಮೇಲೆ ಕಿತ್ತಳೆ, ಅದರ ರಸದೊಳಗೇ ಕಿವಿ.
ಬಾಳೆ ಬಡಿಸುವ ಗಳಿಗೆಗೆ.
ಸ್ಟ್ರಾಬೆರಿ ಎಲ್ಲಕ್ಕಿಂತ ಕೊನೆಗೆ—
ಸಕ್ಕರೆ ಸೋಕಿದರೆ ಸಾಕು, ಅಳುಬುರುಕಿ,
ತನ್ನ ಬಣ್ಣವನ್ನು ಊರಿಗೆಲ್ಲ ಹಚ್ಚುತ್ತಾಳೆ.

ಅಷ್ಟರಲ್ಲಿ ಬಿಳಿ ಗೌನು ಒಳನುಗ್ಗಿತು.
ಹಬ್ಬದ ಹುಡುಗಿಯೇ, ಅಸುಂತಾ.
ಒಂದು ಹಣ್ಣು ಬಾಯಿಗೆ,
ಇನ್ನೊಂದು ಜಾರಿ ಸೊಂಟದ ರೇಷ್ಮೆ ಪಟ್ಟಿಗೆ.
ಕಲೆ ಅವಳಿಗಿಂತ ಮೊದಲು ನನಗೆ ಕಂಡಿತು.
ಅಳು ತುಟಿಗೆ ಬರುವುದರೊಳಗೆ ಪಟ್ಟಿ ಬಿಚ್ಚಿ,
ಬೋಗುಣಿಯ ಬಾಯಿಗೆ ಬಿಗಿಯಾಗಿ ಎಳೆದು ಕಟ್ಟಿ
ಪಾಸ್ತಾಕ್ಕೆಂದು ಕುದಿಯುತ್ತಿದ್ದ ನೀರನ್ನು
ಮೊಳದೆತ್ತರದಿಂದ ಸುರಿದೆ.
ಕೆಂಪು ಗುಲಾಬಿಯಾಯಿತು. ಗುಲಾಬಿ ಏನೂ ಅಲ್ಲದಾಯಿತು.

“ಎಲ್ಲಿಯವಳು ನೀನು?”
ಕಲೆ ಇದ್ದ ಜಾಗ ಹುಡುಕುತ್ತಲೇ ಕೇಳಿದಳು.
“ಮಚೆದೋನಿಯಾ.”
ಚೆ ಎಂದೇ ಹೇಳಿದೆ, ಮೊದಲ ಸಲ.
ಅವಳು ದೊಡ್ಡ ಬೋಗುಣಿಯೊಳಗೆ ಇಣುಕಿದಳು:
“ಇದರೊಳಗಿಂದಲಾ?”
“ಹೂಂ. ಕಿವಿ ಹಣ್ಣು ದಾಟಿ ಎಡಕ್ಕೆ,
ಸೇಬಿನ ಓಣಿಯಲ್ಲಿ ಎರಡನೇ ಮನೆ.”
ನಕ್ಕು ನಕ್ಕು ಬಿಕ್ಕಳಿಕೆ ಬಂತು ಅವಳಿಗೆ.
ಒದ್ದೆ ಪಟ್ಟಿ ಹಿಡಿದು ಓಡಿದಳು,
ಇಸ್ತ್ರಿ ಮಾಡಿಕೊಡುತ್ತೇನೆಂದರೂ ನಿಲ್ಲಲಿಲ್ಲ.

ಎಪ್ಪತ್ತೊಂಬತ್ತು ಬಟ್ಟಲು ಹೋದವು.
ಎಂಬತ್ತನೆಯದಕ್ಕೆ ಒಂದು ಹಣ್ಣು ಕಡಿಮೆ.
ಇಂಕೊರೊನಾತಾ ಜಾಮಿನ ರಾಶಿ ಕೆದಕಿ,
ಒಂದರ ಕೆನ್ನೆ ಕೊಯ್ದು, ಉಳಿದರ್ಧ ಮೇಲಿಟ್ಟು,
ಯಾರಿಗೂ ಹೇಳಬೇಡ ಎಂಬಂತೆ ನನ್ನ ನೋಡಿದಳು.

ಹಲಗೆಯ ಮೇಲೆ ತೊಟ್ಟುಗಳ ಗುಡ್ಡೆ.
ಒಂದರಲ್ಲಿ ಕೆಂಪು ಇನ್ನೂ ಉಳಿದಿತ್ತು, ಉಗುರಷ್ಟು.
ತಿಂದೆ.
ಹಾಲಿನಿಂದ ಬಿಕ್ಕಳಿಕೆ ಕೇಳುತ್ತಲೇ ಇತ್ತು.